ಸೀನನಿಗೆ, ಸಕ್ಕರೆ ಕಾಯಿಲೆಯ ವಿಷಯವಾಗಿ

ಪ್ರೀತಿಯ ಸೀನ,

ನಿನ್ನ ರಕ್ತಪರೀಕ್ಷೆಯ ವರದಿ ನೋಡಿದೆ. ಅದರ ಜೊತೆ ನೀನು ಕಳಿಸಿರುವ ಪ್ರಶ್ನೆಗಳನ್ನೇ ನಮ್ಮ ಶ್ರೀನಿವಾಸಪುರದಲ್ಲಿ ಯಾರಾದರೊಬ್ಬರು ದಿನವೂ ಕೇಳುತ್ತಿರುತ್ತಾರೆ. ನೀನೂ ಒಪ್ಪಿದ್ದರಿಂದ, ಎಲ್ಲರೂ ಓದಲಿ ಎಂದು ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ. ತೋತಾಪುರಿ ಮೇಷ್ಟರ ಪ್ರಸಂಗ ಎತ್ತುವುದಿಲ್ಲ, ಆಣೆ.

ಹಾಗಲಕಾಯಿಯ ರಸ ಕುಡಿದು ಮಾತ್ರೆ ಬಿಡಬಹುದೇ ಎಂದು ಕೇಳಿದ್ದೀಯೆ. ಬಿಡಬೇಡ. ಹಾಗಲಕಾಯಿಯನ್ನು ಪಲ್ಯ ಮಾಡಿ ತಿನ್ನು, ಆದರೆ ಅದು ಮಾತ್ರೆಯ ಕೆಲಸ ಮಾಡುವುದಿಲ್ಲ. ಬೆಲ್ಲವೂ ಕಬ್ಬಿನ ಸಕ್ಕರೆಯೇ, ಬಣ್ಣ ಮಾತ್ರ ಬೇರೆ. ಮಾವಿನಹಣ್ಣನ್ನು ಪೂರ್ತಿ ಬಿಡಬೇಕಿಲ್ಲ. ಆ ಹೊತ್ತಿನ ಅನ್ನ ಕಡಿಮೆ ಮಾಡಿಕೊಂಡು ಒಂದೆರಡು ಹೋಳು ತಿನ್ನು, ಎರಡು ಗಂಟೆ ಬಿಟ್ಟು ಗ್ಲೂಕೋಮೀಟರ್‌ನಲ್ಲಿ ನೋಡು. ರಸ ಹಿಂಡಿ ಲೋಟಗಟ್ಟಲೆ ಕುಡಿಯುವುದು ಮಾತ್ರ ಬೇಡ.

ರಾಗಿಯ ವಿಷಯ ಕೋಲಾರದವರಿಗೆ ಹೇಳುವುದೇ ಕಷ್ಟ. "ಶುಗರ್ ಇದ್ದವರು ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದು" ಎನ್ನುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಗಿಂತ ನಾರು ಹೆಚ್ಚು, ಅದು ನಿಜ. ಆದರೆ ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯಾಗುತ್ತದೆ. ಒಂದು ಮುದ್ದೆಗೆ ನಿಲ್ಲಿಸಿ, ಬಸ್ಸಾರಿನ ಸೊಪ್ಪು, ಕಾಳುಗಳನ್ನು ಧಾರಾಳವಾಗಿ ಹಾಕಿಸಿಕೊ.

ಮುಂದೆ ಇನ್ಸುಲಿನ್ ಬೇಕಾಗಬಹುದು ಎಂದು ಡಾಕ್ಟರ್ ಅಂದಾಗ ಅಮ್ಮ ಅತ್ತರಂತೆ. ಅದು ಕೊನೆಯ ಹಂತ ಎಂದು ಅವರಿಗೆ ಯಾರು ಹೇಳಿದರೋ! 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಸಾವಿನ ಅಂಚಿನಲ್ಲಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಮೊದಲು ಚುಚ್ಚಿದರು. ಅವನು ಇನ್ನೂ 13 ವರ್ಷ ಬದುಕಿದ. ಅಮ್ಮನಿಗೆ ಈ ಕತೆ ಹೇಳು. ನಾನೂ ಅದನ್ನೇ ತೆಗೆದುಕೊಳ್ಳುತ್ತಿದ್ದೇನೆ, ಹೊಲ ತೋಟ ಎಲ್ಲ ಓಡಾಡಿಕೊಂಡಿದ್ದೇನೆ ಎಂದೂ ಹೇಳು.

ಮುಳಬಾಗಿಲಿನಲ್ಲಿ ಒಂದು ಮದುವೆ. ಮುಹೂರ್ತ ತಡವಾಗಿ ಊಟವೂ ತಡವಾಯಿತು. ಬೆನ್ನು ಬೆವರಿತು, ಕೈ ನಡುಗತೊಡಗಿತು, ಎದುರಿಗಿದ್ದವರ ಮಾತು ದೂರದಿಂದ ಬಂದಂತೆ ಕೇಳಿಸಿತು. ಇನ್ಸುಲಿನ್ ತೆಗೆದುಕೊಂಡು ಊಟ ತಡವಾಗಿ, ರಕ್ತದ ಸಕ್ಕರೆ 70ಕ್ಕಿಂತ (mg/dL) ಕೆಳಗಿಳಿದಾಗ ಹೀಗಾಗುತ್ತದೆ. ಅಡುಗೆಯವರ ಬಳಿ ಹೋಗಿ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಹಾಕಿಸಿಕೊಂಡೆ. ಬಾಯಿಗಿಡುವಷ್ಟರಲ್ಲಿ ಚಿಕ್ಕಮ್ಮ ಲೋಟ ಕಿತ್ತುಕೊಂಡರು. "ಶುಗರ್ ಇಟ್ಟುಕೊಂಡು ಸಕ್ಕರೆ ಕುಡಿಯುತ್ತೀಯೇನೋ?" ಅವರದು ಪ್ರೀತಿಯೇ. ಆದರೆ ಆ ಗಳಿಗೆಯಲ್ಲಿ ನನಗಿದ್ದ ಔಷಧಿ ಅದೊಂದೇ. ನಿನ್ನ ಮನೆಯವರಿಗೆ ಬೇರೆ ಏನನ್ನೂ ಕಲಿಸದಿದ್ದರೂ ಇದನ್ನು ಕಲಿಸು, ಸೀನ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆಗುತ್ತಿಲ್ಲ.

ಹೋದ ಸಲ ತಪಾಸಣೆಗೆ ಹೋದಾಗ ನರ್ಸ್ ಕಣ್ಣು ಮುಚ್ಚಲು ಹೇಳಿದರು. ಮೀನಿನ ಗಾಳದ ದಾರದಂಥ ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಒತ್ತುತ್ತಾರೆ, ತಾಗಿದಾಗ ಹೇಳಬೇಕು. ಹೆಬ್ಬೆರಳು, ಹೇಳಿದೆ. ಹಿಮ್ಮಡಿ, ಹೇಳಿದೆ. ಆಮೇಲೆ ಕಾಯುತ್ತಾ ಕೂತೆ. ಯಾಕೆ ನಿಲ್ಲಿಸಿದರು ಎಂದು ಕಣ್ಣು ತೆರೆದರೆ, ಕಿರುಬೆರಳಿನ ಬುಡದಲ್ಲಿ ಎಳೆ ಬಾಗಿ ನಿಂತಿತ್ತು. ಒತ್ತುತ್ತಲೇ ಇದ್ದರು, ನನಗೆ ಗೊತ್ತಾಗಿರಲಿಲ್ಲ.

ನೋವಿಲ್ಲವೆಂದರೆ ಕಾಯಿಲೆ ಹಿಡಿತದಲ್ಲಿದೆ ಎಂದು ಎಲ್ಲರೂ ನಂಬುತ್ತಾರೆ. ಹೆಚ್ಚಿದ ಸಕ್ಕರೆ ನರಗಳನ್ನು ಕೆಡಿಸುವುದು ಸದ್ದಿಲ್ಲದೆ. ಕಣ್ಣು, ಮೂತ್ರಪಿಂಡಗಳದೂ ಅದೇ ಕತೆ. ಹೋದ ಸ್ಪರ್ಶ ಮರಳುವುದು ಕಷ್ಟ, ಉಳಿದದ್ದನ್ನು ಕಾಯೋಣ ಎಂದರು ಡಾಕ್ಟರ್. ಊರೆಲ್ಲ ನನ್ನ ತಟ್ಟೆ ನೋಡುತ್ತದೆ. ಕಾಲು ಹೇಗಿದೆ ಎಂದು ಒಬ್ಬರೂ ಕೇಳಿಲ್ಲ. ಎಲ್ಲರೂ ಮಲಗಿದ ಮೇಲೆ ಬಚ್ಚಲಿನಲ್ಲಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ತೋಟದಲ್ಲಿ ಮುಳ್ಳು ಹೊಕ್ಕಿದ್ದರೆ ಅದು ನನಗೆ ಕಣ್ಣಿನಿಂದಲೇ ಗೊತ್ತಾಗಬೇಕು. ಮನೆಯಲ್ಲಿ ಇವಳಿಗೆ ಇದನ್ನು ಹೇಳಿಲ್ಲ. ಇವಳು ಈ ಪತ್ರ ಓದುತ್ತಾಳೆಂದು ಗೊತ್ತು. ಎದುರು ಕೂತು ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಆದ್ದರಿಂದ ಹೀಗೆ.

ನೀನು ಮಾತ್ರ ಈಗಲೇ ಪಾದದ ಪರೀಕ್ಷೆ, ಕಣ್ಣಿನ ಪರೀಕ್ಷೆ ಎರಡನ್ನೂ ಮಾಡಿಸು, ಆಮೇಲೆ ವರ್ಷಕ್ಕೊಮ್ಮೆ ತಪ್ಪಿಸಬೇಡ. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಬೇಡ, ಬೆಳಿಗ್ಗೆ ಹೋಗು. ದೇವರೇನೂ ಎದ್ದು ಹೋಗುವುದಿಲ್ಲ.

ಸಾಕು, ಬಹಳ ಭಾರವಾಯಿತು. ನಿನ್ನ ಮಗಳ ಪರೀಕ್ಷೆ ಮುಗಿದೊಡನೆ ಎಲ್ಲರೂ ಬನ್ನಿ. ಅಂತರಗಂಗೆಯ ಮೆಟ್ಟಿಲು ಹತ್ತೋಣ, ನಾನು ಬೂಟು ಹಾಕಿಕೊಂಡು ಬರುತ್ತೇನೆ. ನಿನ್ನ ಕನ್ನಡಕವನ್ನು ಕೋತಿಯಿಂದ ಬಿಡಿಸಿಕೊಳ್ಳಲು ನಾವು ಏನು ಕೊಡಬೇಕಾಯಿತು ಎಂಬುದನ್ನು ಅವಳಿಗೆ ಅಲ್ಲೇ, ಆ ಬಂಡೆಯ ಹತ್ತಿರವೇ ಹೇಳುತ್ತೇನೆ.

ನಿನ್ನ,
ಗೋಪಿ