ಪರದೆಯ ಚಿತ್ರ ಮಾಡಿದವರ ಹೆಸರನ್ನೂ ಹಾಕಿ

ಮಾನ್ಯ ಸಂಪಾದಕರೇ,

'ಡಿಜೆ ಅಂದರೆ ಬೇರೆಯವರ ಹಾಡಿಗೆ ಗುಂಡಿ ಒತ್ತುವವರು' ಎಂಬ ಮಾತನ್ನು ಮನೆಯಲ್ಲೂ ಕೇಳಿದ್ದೇನೆ, ಹೊರಗೂ ಕೇಳಿದ್ದೇನೆ. ನನಗೆ ಈಗ 21 ವರ್ಷ. ಮೂರು ವರ್ಷದಿಂದ ಡಿಜೆ ಆಗಿದ್ದೇನೆ. ಈ ಕೆಲಸ ಒಳಗಿನಿಂದ ಹೇಗಿರುತ್ತದೆ ಅಂತ ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು. ನಿಮ್ಮಲ್ಲಿ ಒಂದು ಕೋರಿಕೆಯೂ ಇದೆ.

ಗುಂಡಿ ಇರುವುದು ನಿಜ. ಸಿಂಕ್ ಒತ್ತಿದರೆ ಎರಡು ಹಾಡುಗಳ ವೇಗವನ್ನು ಯಂತ್ರವೇ ಹೊಂದಿಸುತ್ತದೆ. ಕಲಿಯುವಾಗ ಮೊದಲ ಎಂಟು ತಿಂಗಳು ನಾನು ಅದನ್ನು ಮುಟ್ಟಲಿಲ್ಲ. ಲ್ಯಾಪ್‌ಟಾಪಿನಲ್ಲಿ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಅಂಕಿ, ಕಾಣುವ ಜಾಗಕ್ಕೆ ಕಾಗದದ ಚೂರು ಅಂಟಿಸಿದ್ದೆ. ಒಂದು ಹಾಡಿನಲ್ಲಿ ನಿಮಿಷಕ್ಕೆ 122 ಬೀಟ್, ಇನ್ನೊಂದರಲ್ಲಿ 126 ಅಂದುಕೊಳ್ಳಿ. ಮೊದಲನೆಯದರ ವೇಗವನ್ನು ಶೇ 3.3ರಷ್ಟು ಹೆಚ್ಚಿಸಬೇಕು. ಅಂಕಿ ಕಾಣದಿದ್ದರೆ ಕಿವಿಯೇ ಗತಿ. ಒಂದು ಕಿವಿ ಹೆಡ್‌ಫೋನಿಗೆ, ಇನ್ನೊಂದು ಸ್ಪೀಕರಿಗೆ. ಒಂದೇ ಒಂದು ಬಿಪಿಎಂ ವ್ಯತ್ಯಾಸ ಉಳಿದರೂ ನಿಮಿಷದೊಳಗೆ ಇಡೀ ಒಂದು ಬೀಟ್ ಜಾರಿರುತ್ತದೆ. ಅದಕ್ಕೂ ಮುಂಚೆಯೇ ಎರಡು ಡ್ರಮ್‌ಗಳು ಕುದುರೆ ಓಡಿದ ಹಾಗೆ ಟಕಟಕ ಅನ್ನತೊಡಗುತ್ತವೆ. ಆ ಸದ್ದು ಕೇಳಿದ ಕೂಡಲೇ ಹಾಡಿನ ವೇಗ ಹೆಚ್ಚು ಕಡಿಮೆ ಮಾಡುವ ಪಿಚ್ ಫೇಡರಿಗೆ ಬೆರಳು ತಾನಾಗಿ ಹೋಗುವ ತನಕ ಬಿಡದೆ ಅಭ್ಯಾಸ ಮಾಡಿದೆ. ಈಗ ಸಿಂಕ್ ಬಳಸುತ್ತೇನೆ, ಅದರಲ್ಲಿ ನಾಚಿಕೆ ಇಲ್ಲ. ಆದರೆ ಮುಂದಿನ ಹಾಡು ಯಾವುದು, ಅದು ಯಾವಾಗ ಬರಬೇಕು, ಯಾವ ಹಾಡಿನ ಬೇಸ್ (ಗಡಸು ತಗ್ಗು ಸದ್ದು) ಕಡಿಮೆ ಮಾಡಿ ಯಾವುದಕ್ಕೆ ಜಾಗ ಬಿಡಬೇಕು ಅನ್ನುವುದನ್ನೆಲ್ಲ ಯಾವ ಗುಂಡಿಯೂ ಹೇಳಿಕೊಡುವುದಿಲ್ಲ.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಎಂಬುವರು ತಮ್ಮ ತಂಗಿ ಇಟ್ಟುಕೊಂಡ ಪಾರ್ಟಿಗೆ ರೆಕಾರ್ಡ್ ಹಾಕಿದರು. ಆಗ ಅವರಿಗೆ ಬರೀ 18 ವರ್ಷ. ಹಾಡುಗಾರಿಕೆ ನಿಂತು ಡ್ರಮ್ ಮಾತ್ರ ಉಳಿಯುವ ತುಣುಕಿಗೆ ಜನ ಜಾಸ್ತಿ ಕುಣಿಯುತ್ತಾರೆ ಅಂತ ಅವರು ಗಮನಿಸಿದ್ದರು. ಅದಕ್ಕೇ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಆ ತುಣುಕನ್ನು ಮತ್ತೆ ಮತ್ತೆ ನುಡಿಸಿ ಹಿಗ್ಗಿಸಿದರು. ಹಿಪ್‌ಹಾಪ್ ಬೆಳೆದದ್ದು ಇಲ್ಲಿಂದ. ಅವರು ನುಡಿಸಿದ್ದೂ ಬೇರೆಯವರ ರೆಕಾರ್ಡನ್ನೇ ಅಲ್ವಾ? ಕುಣಿಯುವವರ ಕಾಲನ್ನು ನೋಡಿದ ಕಣ್ಣು ಮಾತ್ರ ಅವರದು.

ಈಗ ನನ್ನ ಕೋರಿಕೆಗೆ ಬರುತ್ತೇನೆ. ನಾನು ನುಡಿಸುವಾಗ ನನ್ನ ಬೆನ್ನ ಹಿಂದಿನ ಪರದೆಯಲ್ಲಿ ಮೂಡುವ ಚಿತ್ರಗಳನ್ನು ಮಾಡುವುದು ನನ್ನ ಗೆಳತಿ. ಕಲಾವಿದರಿಗೆ ಕೋಡ್ ಕಲಿಸಲೆಂದೇ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರು ಮಾಡಿದ 'ಪ್ರೊಸೆಸಿಂಗ್' ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅವಳು ಅದರಲ್ಲಿ ಸಾಲು ಸಾಲಾಗಿ ಕೋಡ್ ಬರೆಯುತ್ತಾಳೆ. ಹಾಡಿನ ಕೆಳಗಿನ ಸ್ವರಗಳು ಬಂದರೆ ವೃತ್ತ ದೊಡ್ಡದಾಗಬೇಕು, ತಾಳದ ಝಣಕ್ಕಿಗೆ ಚುಕ್ಕೆಗಳು ಹಾರಬೇಕು. ಮೊದಲ ಸಲ ವೃತ್ತ ಚಳಿ ಹಿಡಿದವರ ಹಾಗೆ ಗಡಗಡ ನಡುಗಿತು. ಸದ್ದು ಏರಿಳಿದ ಹಾಗೆಲ್ಲ ಅದೂ ಏರಿಳಿಯುತ್ತಿತ್ತು. ಮೂರು ದಿನ ಕೂತು ಅದನ್ನು ಸರಿ ಮಾಡಿದಳು. ವೃತ್ತ ಥಟ್ಟನೆ ಅರಳಬೇಕು, ನಿಧಾನಕ್ಕೆ ಮುದುಡಬೇಕು. ಅಷ್ಟು ಮಾಡಿದ ಮೇಲೆ ಅದು ಉಸಿರಾಡುತ್ತಿದೆ ಅನ್ನಿಸಿತು. ಆ ರಾತ್ರಿ ಇಬ್ಬರೂ ಒಂದೇ ಹಾಡನ್ನು ಎಷ್ಟು ಸಲ ಹಾಕಿ ನೋಡಿದೆವೋ ಲೆಕ್ಕವಿಲ್ಲ.

ಅವಳ ಎಚ್ಚರವನ್ನೂ ಹೇಳಬೇಕು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಬೆಳಕು ಮಿನುಗಿದರೆ ಕೆಲವರಿಗೆ ಅಪಸ್ಮಾರದ ಸೆಳೆತ ಬರಬಹುದು. 128 ಬಿಪಿಎಂ ಹಾಡಿನಲ್ಲಿ ಬೀಟಿಗೊಂದು ಮಿಂಚು ಅಂದರೆ ಸೆಕೆಂಡಿಗೆ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಅರ್ಧ ಬೀಟಿಗೊಂದು ಅಂದರೆ ನಾಲ್ಕು ದಾಟುತ್ತದೆ. ಅದಕ್ಕೇ ನಾನೆಷ್ಟು ಕೇಳಿದರೂ ಅರ್ಧ ಬೀಟಿಗೆ ಮಿಂಚು ಹಾಕಲು ಅವಳು ಒಪ್ಪುವುದಿಲ್ಲ.

ಕಳೆದ ಕಾರ್ಯಕ್ರಮಕ್ಕೆ ಅವಳು ಆರು ವಾರ ದುಡಿದಳು. ಪೋಸ್ಟರಿನಲ್ಲಿ ನನ್ನ ಹೆಸರಷ್ಟೇ ಇತ್ತು. ಮುಗಿದ ಮೇಲೆ ಒಬ್ಬ ಹುಡುಗ ಬಂದು, 'ಹಾಡು ಬದಲಾಗುವುದು ಆ ವೃತ್ತಕ್ಕೆ ಹೇಗೆ ಗೊತ್ತಾಯಿತು?' ಅಂತ ಕೇಳಿದ. ವೈರ್ ಸುತ್ತುತ್ತಿದ್ದ ಅವಳನ್ನು ಕರೆದು ತೋರಿಸಿದೆ. ಇಬ್ಬರೂ ಅರ್ಧ ಗಂಟೆ ನೆಲದ ಮೇಲೆ ಕೂತು ಕೋಡ್ ನೋಡಿದರು.

ಸಂಗೀತ ಕಾರ್ಯಕ್ರಮಗಳ ಫೋಟೊ ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. ಎಷ್ಟೋ ಫೋಟೊಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ತುಂಬಿರುವುದು ಹಿಂದಿನ ಪರದೆಯೇ. ಕೆಳಗಿನ ಸಾಲಿನಲ್ಲಿ ಹಾಡಿದವರ, ನುಡಿಸಿದವರ ಹೆಸರಿನ ಪಕ್ಕ ಆ ಚಿತ್ರ ಮಾಡಿದವರ ಹೆಸರನ್ನೂ ದಯವಿಟ್ಟು ಕೇಳಿ ಹಾಕಿ. 'ದೃಶ್ಯ: ಇಂಥವರು' ಅಂತ ಎರಡೇ ಪದ ಸಾಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಒಬ್ಬ ಡಿಜೆ