ಒಂದೂವರೆ ಇಡ್ಲಿ ತಿಂದೆ ಅಂತ ಅಳಬೇಡ ಪುಟ್ಟಿ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ಆಪರೇಷನ್ ಆದ ಎರಡನೇ ತಿಂಗಳಲ್ಲಿ ಅರ್ಧ ಇಡ್ಲಿಗೇ ಸಾಕಾಗುತ್ತಿತ್ತು, ಈಗ ನಾಲ್ಕನೇ ತಿಂಗಳಿಗೆ ಒಂದೂವರೆ ತಿಂದೆ, ಹೊಟ್ಟೆ ಮತ್ತೆ ಹಿಗ್ಗಿಬಿಟ್ಟಿದೆ ದೊಡ್ಡಮ್ಮ, ಇಷ್ಟು ದುಡ್ಡು ಇಷ್ಟು ನೋವು ಎಲ್ಲ ದಂಡ ಅಂದೆಯಲ್ಲ. ಇಲ್ಲ ಕಂದ, ಹಾಗಾಗಿಲ್ಲ. ಪಕ್ಕದಲ್ಲಿ ನಿನ್ನ ಅತ್ತೆ ಇದ್ದರು ಅಂತ ನಾನೂ ಜಾಸ್ತಿ ಮಾತಾಡಲಿಲ್ಲ. ಅದಕ್ಕೇ ಬೆಳಿಗ್ಗೆ ಹಾಲು ಕಾಯಿಸಿಟ್ಟು ಬರೆಯಲು ಕೂತೆ. ತೂಕ ಇಳಿಸಲು ಜಠರ ಕತ್ತರಿಸಿ ಚಿಕ್ಕದು ಮಾಡುವ ಇದೇ ಸ್ಲೀವ್ ಆಪರೇಷನ್ ಆಗಿ ನನಗೆ ಆರು ವರ್ಷ ಆಯಿತು. ನೀನು ಈಗ ಹೆದರಿರುವುದಕ್ಕೆ ನಾನೂ ಹೆದರಿದ್ದೆ. ಹೆದರಬೇಕಾದ ಕಡೆ ಮಾತ್ರ ಹೆದರಲಿಲ್ಲ, ಅದನ್ನೂ ಹೇಳುತ್ತೇನೆ.

ಮೊದಲು ಒಳಗೆ ಏನಾಗಿದೆ ನೋಡು. ನಮ್ಮ ಜಠರ ಹೊಟ್ಟೆ ತುಂಬ ಉಂಡಾಗ ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಕತ್ತರಿಸಿ ತೆಗೆದಿದ್ದಾರೆ. ಉಳಿದಿರುವುದು ಬಾಳೆಕಾಯಿಯಂಥ ಒಂದು ಕೊಳವೆ, ಶುರುವಿನಲ್ಲಿ 100 ರಿಂದ 150 ಮಿಲಿ ಹಿಡಿಯುವಷ್ಟು. ಅಂದರೆ ನಮ್ಮ ಮನೆಯ ಸಣ್ಣ ಸ್ಟೀಲ್ ಲೋಟ. ಮತ್ತೆ, ತೆಗೆದದ್ದು ಯಾವ ಭಾಗ ಗೊತ್ತಾ? ಮೇಲ್ಗಡೆ ಬಲೂನಿನ ಹಾಗೆ ಹಿಗ್ಗುತ್ತಿದ್ದ ಭಾಗವೇ. ಉಳಿದ ಗೋಡೆ ಗಟ್ಟಿ, ಅಷ್ಟು ಸುಲಭವಾಗಿ ಹಿಗ್ಗುವುದಿಲ್ಲ. ಒಂದು ದಿನ ಅರ್ಧ ಇಡ್ಲಿ ಜಾಸ್ತಿ ತಿಂದರೆ ಅದು ದೊಡ್ಡದಾಗಿಬಿಡುವುದಿಲ್ಲ, ಮಿತಿ ಮೀರಿದರೆ ವಾಂತಿಯಾಗಿ ಆಚೆ ಬರುತ್ತದೆ ಅಷ್ಟೇ. ಹಾಗಾದರೆ ಈಗ ಯಾಕೆ ಜಾಸ್ತಿ ಹೋಗುತ್ತಿದೆ ಅಂತೀಯ. ಆಗ ಒಳಗೆಲ್ಲ ಬಾವು ಇತ್ತು, ಹೊಲಿಗೆ ಹಸಿ ಇತ್ತು. ಈಗ ಬಾವು ಇಳಿದಿದೆ. ವರ್ಷ ಎರಡು ವರ್ಷದಲ್ಲಿ ಇನ್ನೂ ಸ್ವಲ್ಪ ಸಡಿಲ ಆಗುತ್ತದೆ, ಎಲ್ಲರಿಗೂ ಆಗುತ್ತದೆ. ಈಗ ನಾನು ಒಂದು ಹೊತ್ತಿಗೆ ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರು ಸಲೀಸಾಗಿ ತಿನ್ನುತ್ತೇನೆ. ಜೀವಮಾನ ಪೂರ್ತಿ ಅರ್ಧ ಇಡ್ಲಿಯಲ್ಲಿ ಬದುಕೋಕೆ ಆಗುತ್ತಾ, ಹೇಳು.

ಇನ್ನು ಆ ಪಕ್ಕದ ಬೆಡ್ಡಿನ ಹುಡುಗಿಯ ವಿಷಯ. ಅವಳಿಗೆ 36 ನಂಬರಿನ ಟ್ಯೂಬ್ ಇಟ್ಟು ಮಾಡಿದ್ದಾರೆ, ನನಗೆ 40, ಅದಕ್ಕೇ ಅವಳು 26 ಕೆಜಿ ಇಳಿದಳು ನಾನು 18 ಅಂತ ನೀನು ಅಂದೆ. ಬೂಜಿ ಅಂತಾರಲ್ಲ ಆ ಟ್ಯೂಬನ್ನು, ಬಾಯಿಯಿಂದ ಜಠರಕ್ಕೆ ಇಳಿಸಿ, ಅದರ ಪಕ್ಕಕ್ಕೇ ಸ್ಟೇಪಲ್ ಹಾಕಿ ಕತ್ತರಿಸಿ, ಆಮೇಲೆ ಟ್ಯೂಬ್ ತೆಗೆದುಬಿಡುತ್ತಾರೆ. ಆ ನಂಬರಿನ ಲೆಕ್ಕದಲ್ಲಿ ಮೂರು ಸೇರಿದರೆ ಒಂದು ಮಿಲಿಮೀಟರ್. 36 ಅಂದರೆ 12 ಮಿಲಿಮೀಟರ್ ದಪ್ಪ, 40 ಅಂದರೆ 13 ಚಿಲ್ಲರೆ. ಇಷ್ಟು ಅಂತರಕ್ಕೆ ಎಂಟು ಕೆಜಿ ವ್ಯತ್ಯಾಸ ಬರುತ್ತಾ? ತೀರಾ ಕಿರಿದು ಮಾಡಿದರೆ ಒಳಗೆ ಒತ್ತಡ ಜಾಸ್ತಿಯಾಗಿ ಸ್ಟೇಪಲ್ ಹಾಕಿದ ಕಡೆ ಸೋರುವ ಅಪಾಯವೂ ಇರುತ್ತದೆ, ಅದಕ್ಕೇ ಡಾಕ್ಟರು ನೋಡಿಕೊಂಡು ಅಳತೆ ಇಟ್ಟಿರುತ್ತಾರೆ. ಅವಳು ಆಪರೇಷನ್‌ಗೆ ಬಂದಾಗ 138 ಇದ್ದಳು, ನೀನು 104. ನೂರಕ್ಕೆ ಲೆಕ್ಕ ಹಾಕು. ಅವಳದು 19, ನಿನ್ನದು 17. ಇಬ್ಬರೂ ಒಂದೇ ದಾರಿಯಲ್ಲಿ ಹೋಗುತ್ತಿದ್ದೀರಿ. ಅವಳ ತೂಕ ಕೇಳುವುದನ್ನು ಬಿಟ್ಟುಬಿಡು, ಅದರಿಂದ ನಿನಗೆ ಸಂಕಟ ಬಿಟ್ಟು ಏನೂ ಸಿಗುವುದಿಲ್ಲ.

ಹಸಿವಿನ ವಿಷಯ ಹೇಳಬೇಕು. ಗ್ರೆಲಿನ್ ಅಂತ ಹಸಿವು ಎಬ್ಬಿಸುವ ಹಾರ್ಮೋನ್ ಇದೆ, ಅದು ಜಾಸ್ತಿ ತಯಾರಾಗುವುದು ತೆಗೆದುಹಾಕಿದ ಆ ಮೇಲಿನ ಭಾಗದಲ್ಲೇ. ಅದಕ್ಕೇ ನಿನಗೆ ಈಗ ಹಸಿವೇ ಗೊತ್ತಾಗುತ್ತಿಲ್ಲ. ಚೀಲ ಚಿಕ್ಕದಾದದ್ದು ಒಂದು ಸಹಾಯ, ಹಸಿವು ಸುಮ್ಮನಾದದ್ದು ಇನ್ನೊಂದು. ಈ ಎರಡನೆಯದು ನಿಧಾನಕ್ಕೆ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ. ಮೊದಲ ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ, ತೂಕ ಇಳಿಯುವ ಸುಗ್ಗಿ. ಆ ಸುಗ್ಗಿಯಲ್ಲಿ ಏನು ಅಭ್ಯಾಸ ಮಾಡಿಕೊಳ್ಳುತ್ತೀಯೋ ಅದೇ ಆಮೇಲೆ ಕೈ ಹಿಡಿಯುವುದು.

ಈಗ ನನ್ನ ಕಥೆ. ಮುದ್ದೆ ಹೇಗೆ ತಿನ್ನುತ್ತೇವೆ ನಾವು? ಅಗಿಯಬಾರದು, ಸಾರಲ್ಲಿ ಅದ್ದಿ ನುಂಗಬೇಕು, ಅಗಿದರೆ ಅಜ್ಜಿ ನಗುತ್ತಿದ್ದಳು. ಐವತ್ತು ವರ್ಷದ ಅಭ್ಯಾಸ. ಮೂರನೇ ತಿಂಗಳಲ್ಲಿ ಬಸ್ಸಾರಿನ ಘಮಕ್ಕೆ ಮನಸ್ಸು ತಡೆಯದೆ ಒಂದು ನೆಲ್ಲಿಕಾಯಿ ಗಾತ್ರದ ತುತ್ತು ಸುಮ್ನೆ ನುಂಗಿಬಿಟ್ಟೆ. ಎದೆಮೂಳೆಯ ಕೆಳಗೆ ಕಲ್ಲು ಕೂತ ಹಾಗಾಯಿತು. ಬೆವರು, ಬಾಯಿ ತುಂಬ ನೊರೆ ನೊರೆ ಜೊಲ್ಲು, ಮುಕ್ಕಾಲು ಗಂಟೆ ಹಿತ್ತಲಲ್ಲಿ ಬಗ್ಗಿ ನಿಂತಿದ್ದೆ. ನಿನ್ನ ದೊಡ್ಡಪ್ಪ ಬೆನ್ನು ನೀವುತ್ತಾ ಅಳುವುದೊಂದು ಬಾಕಿ. ಆವತ್ತಿನಿಂದ ಮುದ್ದೆಯನ್ನೂ ಸಾರಲ್ಲಿ ಕಿವುಚಿ, ಗಂಜಿಯ ಹದಕ್ಕೆ ತಂದು, ಚಮಚದಲ್ಲಿ ತಿನ್ನುತ್ತೇನೆ. ನೀನೂ ಸಣ್ಣ ತುತ್ತು ಇಟ್ಟುಕೋ, ನುಣ್ಣಗಾಗುವವರೆಗೆ ಅಗಿ, ಊಟಕ್ಕೆ ಇಪ್ಪತ್ತು ನಿಮಿಷ ತೆಗೆದುಕೋ. ತಿನ್ನುವಾಗ ಮೂಗು ಸೋರುವುದು, ಬಿಕ್ಕಳಿಕೆ, ದೊಡ್ಡ ನಿಟ್ಟುಸಿರು ಬರುವುದು, ಹೀಗೆ ಏನೋ ಒಂದು ಆಗುತ್ತದೆ ನೋಡು. ಅದು ಸಾಕು ಅಂತ ಹೊಟ್ಟೆ ಹೇಳುವ ಮಾತು. ಎದ್ದುಬಿಡು, ತಟ್ಟೆಯಲ್ಲಿ ಮಿಕ್ಕಿದರೂ ಪರವಾಗಿಲ್ಲ. ಅನ್ನ ಬಿಸಾಡಬಾರದು ಅಂತ ಬೆಳೆದವರು ನಾವು, ನನಗೆ ಇದೇ ಎಲ್ಲಕ್ಕಿಂತ ಕಷ್ಟವಾಗಿದ್ದು. ಅದಕ್ಕೆ ಬಡಿಸಿಕೊಳ್ಳುವಾಗಲೇ ಕಡಿಮೆ ಬಡಿಸಿಕೋ.

ಆದರೆ ಪುಟ್ಟಿ, ಗಟ್ಟಿ ಊಟಕ್ಕೆ ತಡೆ ಹಾಕುವ ಇದೇ ಕೊಳವೆ ಕುರುಕಲಿಗೆ ತಡೆ ಹಾಕುವುದಿಲ್ಲ. ನಾನು ಸೋತದ್ದು ಅಲ್ಲೇ. 112 ಕೆಜಿ ಇದ್ದವಳು ವರ್ಷಕ್ಕೆ 78 ಕ್ಕೆ ಬಂದಿದ್ದೆ. ಮೂರನೇ ವರ್ಷ 87. ಹೊಟ್ಟೆ ಹಿಗ್ಗಿದೆ ಅಂತಲೇ ಅಂದುಕೊಂಡು ಡಾಕ್ಟರ ಹತ್ತಿರ ಹೋದೆ. ಒಳಗಿನ ಆಕಾರ ಕಾಣಲಿ ಅಂತ ಬೇರಿಯಂ ದ್ರವ ಕುಡಿಸಿ ಎಕ್ಸ್‌ರೇ ತೆಗೆದರು. ಕೊಳವೆ ಇರಬೇಕಾದ ಹಾಗೇ ಇತ್ತು! ಒಂದು ವಾರ ಬಾಯಿಗೆ ಹಾಕಿದ್ದನ್ನೆಲ್ಲ ಬರೆದುಕೊಂಡು ಬನ್ನಿ ಅಂದರು. ಬರೆದೆ. ಊಟ ಮೂರು ಹೊತ್ತೂ ಸಣ್ಣ ಬಟ್ಟಲೇ. ಮಧ್ಯೆ ಸಕ್ಕರೆ ಹಾಕಿದ ಕಾಫಿ ನಾಲ್ಕು ಸಲ, ಕಾಫಿಗೆ ಎರಡು ಕೋಡುಬಳೆ, ಟಿವಿ ಮುಂದೆ ಒಂದು ಹಿಡಿ ಮಿಕ್ಸ್ಚರ್, ಯಾರಾದರೂ ತಂದರೆ ಮದ್ದೂರು ವಡೆ ಅರ್ಧ. ಕರಿದದ್ದು ಬಾಯಲ್ಲೇ ಪುಡಿಯಾಗಿ ಕಾಫಿಯ ಜೊತೆ ಸರ್ರನೆ ಇಳಿದುಹೋಗುತ್ತದೆ, ಚೀಲ ತುಂಬಿದ ಹಾಗೇ ಅನಿಸುವುದಿಲ್ಲ, ಅರ್ಧ ಗಂಟೆಗೆ ಮತ್ತೆ ಜಾಗ ಖಾಲಿ. ನೂರು ಗ್ರಾಂ ಚಕ್ಕುಲಿ, ಕೋಡುಬಳೆಯಲ್ಲಿ ಹತ್ತಿರ ಹತ್ತಿರ 500 ಕ್ಯಾಲರಿ ಇರುತ್ತದೆ. ಅದೇ ಬೇಯಿಸಿದ ಹುರುಳಿಕಾಳು ತಿಂದು ನೋಡು, ನಾಲ್ಕು ಚಮಚಕ್ಕೆ ಹೊಟ್ಟೆ ಸಾಕು ಅನ್ನುತ್ತದೆ. ನೀನು ಅಳತೆ ಮಾಡಬೇಕಾದದ್ದು ಇಡ್ಲಿಯನ್ನಲ್ಲ, ಇಡ್ಲಿಗೂ ಊಟಕ್ಕೂ ಮಧ್ಯೆ ಬಾಯಿಗೆ ಹೋಗುವುದನ್ನು. ನಾನು ಕಾಫಿಯ ಸಕ್ಕರೆ, ಕುರುಕಲು ಎರಡೂ ಬಿಟ್ಟೆ. ಈಗ 81.

ಅದಕ್ಕೆ ತಟ್ಟೆಯಲ್ಲಿ ಮೊದಲು ಕಾಳು, ಮೊಟ್ಟೆ, ಪನೀರು, ಕೋಳಿ ತುಂಡು ಇದ್ದರೆ ಅದು. ಆಮೇಲೆ ಪಲ್ಯ. ಜಾಗ ಉಳಿದರೆ ಮಾತ್ರ ಅನ್ನ. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಅಷ್ಟೇ, ಒಂದು ಇಡ್ಲಿಯಲ್ಲಿ ಎರಡು. ನೀನೇ ಲೆಕ್ಕ ಹಾಕು, ಇಷ್ಟು ಸಣ್ಣ ಚೀಲದಲ್ಲಿ ಅನ್ನಕ್ಕೆ ಮೊದಲ ಜಾಗ ಕೊಟ್ಟರೆ ಹೇಗೆ ಸಾಲುತ್ತದೆ. ನೀರು ಊಟದ ಜೊತೆ ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿ. ದಿನಕ್ಕೆ ಒಂದೂವರೆ ಲೀಟರ್ ಆದರೂ ಹೋಗಲಿ.

ನಾನು ಹೆದರಬೇಕಾದ ಕಡೆ ಹೆದರಲಿಲ್ಲ ಅಂದೆನಲ್ಲ, ಅದು ಮಾತ್ರೆ. ಒಂದು ವರ್ಷ ಆದ ಮೇಲೆ ಚೆನ್ನಾಗಿದ್ದೀನಿ ಅಂತ ವಿಟಮಿನ್ ಮಾತ್ರೆ ಬಿಟ್ಟೆ, ಬಿಡಬೇಡಿ ಅಂತ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಆಮೇಲೆ ಅಂಗಾಲು ಜೋಮು, ಮೆಟ್ಟಿಲು ಹತ್ತಿದರೆ ಏದುಸಿರು. ಬಿ12 ನೆಲಕ್ಕೆ ಬಿದ್ದಿತ್ತು. ಆಹಾರದ ಬಿ12 ಮೈಗೆ ಹತ್ತಲು ಜಠರದಿಂದ ಬರುವ ಒಂದು ವಸ್ತು ಬೇಕು, ಜಠರವನ್ನೇ ಕತ್ತರಿಸಿದ ಮೇಲೆ ಅದೂ ಕಡಿಮೆಯಾಗುತ್ತದೆ. ಇಂಜೆಕ್ಷನ್ ತೆಗೆದುಕೊಂಡು ಸರಿಹೋಯಿತು, ಆದರೆ ಎಡಗಾಲಿನ ಎರಡು ಬೆರಳು ಇವತ್ತಿಗೂ ಅಷ್ಟಕ್ಕಷ್ಟೇ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಇವು ಜೀವನಪೂರ್ತಿ ಕಂದ. ಕೂದಲು ಉದುರುತ್ತಿದೆ ಅಂದೆಯಲ್ಲ, ಅದು ಮೂರರಿಂದ ಆರು ತಿಂಗಳ ಒಳಗೆ ಬಹಳ ಜನಕ್ಕೆ ಆಗುತ್ತದೆ, ಮತ್ತೆ ಬರುತ್ತದೆ. ಆದರೆ ಎರಡು ಮೂರು ದಿನ ಬಿಡದೆ ವಾಂತಿ ಆದರೆ, ಜ್ವರ ಬಂದರೆ, ಹೊಟ್ಟೆನೋವು ಜಾಸ್ತಿಯಾದರೆ ನನಗೆ ಫೋನ್ ಮಾಡುತ್ತಾ ಕೂರಬೇಡ, ಸೀದಾ ಆಸ್ಪತ್ರೆಗೆ ಹೋಗು.

ಮಗುವಿನ ವಿಷಯ ನಿನ್ನ ಅತ್ತೆ ಎತ್ತಿದರಂತೆ. ಆಪರೇಷನ್ ಆಗಿ ಒಂದು ವರ್ಷದಿಂದ ಒಂದೂವರೆ ವರ್ಷ ಕಾಯಬೇಕು ಅಂತಾರೆ ಡಾಕ್ಟರು. ತೂಕ ಇಳಿಯುವಾಗ ಮುಟ್ಟು ಸರಿಹೋಗಿ ಬೇಗ ಗರ್ಭ ನಿಲ್ಲುವುದೂ ಉಂಟು, ಹುಷಾರು. ಅಲ್ಲಿಯವರೆಗೆ ಗರ್ಭ ನಿಲ್ಲದ ಹಾಗೆ ಏನು ಬಳಸಬೇಕು ಅಂತ ಲೇಡಿ ಡಾಕ್ಟರನ್ನು ಈ ವಾರವೇ ಕೇಳು. ಅತ್ತೆಗೆ ನಾನೇ ಹೇಳುತ್ತೇನೆ, ಅವರು ನನ್ನ ಮಾತು ಕೇಳುತ್ತಾರೆ.

ತೂಕ ಹದಿನೈದು ದಿನದಿಂದ ನಿಂತಿದೆ ಅಂದೆ. ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ವಾರಕ್ಕೆ ಒಂದು ಸಲ ನೋಡು, ಸಾಕು.

ಗೌರಿ ಹಬ್ಬಕ್ಕೆ ಮೂರು ದಿನ ಮುಂಚೆಯೇ ಬರುತ್ತೇನೆ. ಹುರುಳಿ ಮೊಳಕೆ ಕಟ್ಟಿಕೊಂಡು ಬರುತ್ತೇನೆ, ಇಬ್ಬರೂ ಸೇರಿ ಸಾರು ಮಾಡೋಣ. ಬಾಗಿನಕ್ಕೆ ಬಂದವರು ಹೋಳಿಗೆ ಇನ್ನೊಂದು ಅಂತ ಬಲವಂತ ಮಾಡಿದರೆ ನಾನು ಪಕ್ಕದಲ್ಲೇ ಕೂತಿರುತ್ತೇನೆ, ನಿನ್ನ ಎಲೆಯ ಮೇಲೆ ನನ್ನ ಕೈ ಇರುತ್ತದೆ. ಅಷ್ಟರೊಳಗೆ ಬ್ಲಡ್ ಟೆಸ್ಟ್ ಮಾಡಿಸಿ ರಿಪೋರ್ಟ್ ತೆಗೆದಿಟ್ಟಿರು.

ನಿನ್ನ ದೊಡ್ಡಮ್ಮ