ಜೂನ್‌ನಿಂದ ಪ್ರೌಢಶಾಲೆಗಳಿಗೆ ಆಸಿಡ್ ಸಣ್ಣ ಬಾಟಲಿಯಲ್ಲಿ ಮಾತ್ರ

ಮಾನ್ಯ ಮುಖ್ಯೋಪಾಧ್ಯಾಯರಿಗೆ ಹಾಗೂ ವಿಜ್ಞಾನ ಶಿಕ್ಷಕರಿಗೆ ನಮಸ್ಕಾರಗಳು.

ಶಾಲಾ ಪ್ರಯೋಗಾಲಯಗಳಿಗೆ ಸಾಮಾನು ಮಾರುವ ನಾವು ಬರುವ ಶೈಕ್ಷಣಿಕ ವರ್ಷದಿಂದ ಪ್ರೌಢಶಾಲೆಗಳಿಗೆ ಎರಡೂವರೆ ಲೀಟರಿನ ಆಸಿಡ್ ಬಾಟಲಿ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಸಲ್ಫ್ಯೂರಿಕ್, ನೈಟ್ರಿಕ್, ಹೈಡ್ರೋಕ್ಲೋರಿಕ್ ಮೂರೂ ಇನ್ನು 500 ಎಂಎಲ್ ಬಾಟಲಿಯಲ್ಲಿ, ಕಂಪನಿಯ ಸೀಲಿನೊಂದಿಗೇ ಬರುತ್ತವೆ. ಪಿಯು ಕಾಲೇಜುಗಳಿಗೆ ಈಗಿರುವ ಪದ್ಧತಿಯೇ ಮುಂದುವರಿಯುತ್ತದೆ. ಲೆಕ್ಕ ಹಾಕಿದರೆ ಸಣ್ಣ ಬಾಟಲಿ ತುಸು ದುಬಾರಿಯೇ. ಆದ್ದರಿಂದ ಕಾರಣವನ್ನು ಬಿಡಿಸಿ ಹೇಳಬೇಕು.

ಸಾಮಾನು ಇಳಿಸಲು ಹೋದಾಗ ನಮಗೆ ಶಾಲೆಗಳ ದಾಸ್ತಾನು ಕೋಣೆ ಕಣ್ಣಿಗೆ ಬೀಳುತ್ತದೆ. ಕಬ್ಬಿಣದ ಅಲ್ಮೇರಾ, ಹೈಡ್ರೋಕ್ಲೋರಿಕ್ ಆಮ್ಲದ ಹಬೆಗೆ ತುಕ್ಕು ಹಿಡಿದು ಪದರ ಪದರವಾಗಿ ಉದುರುವ ಅದರ ಬಾಗಿಲು. ಪಕ್ಕದಲ್ಲೇ ಅಮೋನಿಯಾ ಇಟ್ಟಿದ್ದರೆ ಎರಡರ ಹಬೆಯೂ ಕೂಡಿ ಎಲ್ಲ ಬಾಟಲಿಗಳ ಮೇಲೂ ಬಿಳಿ ಹುಡಿ ಕೂತಿರುತ್ತದೆ. ಅದು ಅಮೋನಿಯಂ ಕ್ಲೋರೈಡ್. ಚೀಟಿಯ ಅಕ್ಷರ ಮಾಸಿ, ಒಳಗಿರುವುದು ಯಾವ ಆಮ್ಲ, ಯಾವ ವರ್ಷದ್ದು ಎಂದು ಹೊಸದಾಗಿ ಬಂದ ಮೇಷ್ಟ್ರಿಗೆ ತಿಳಿಯುವುದೇ ಇಲ್ಲ. ದೊಡ್ಡ ಬಾಟಲಿ ತಂದರೆ ಅದು ವರ್ಷಗಟ್ಟಲೆ ಉಳಿಯುತ್ತದೆ, ಉಳಿದದ್ದು ಹೀಗಾಗುತ್ತದೆ.

ಇನ್ನು ತೂಕ. ಎರಡೂವರೆ ಲೀಟರ್ ಸಲ್ಫ್ಯೂರಿಕ್ ಆಮ್ಲವೇ ನಾಲ್ಕೂವರೆ ಕೆಜಿಗಿಂತ ಹೆಚ್ಚು ತೂಗುತ್ತದೆ, ಗಾಜಿನ ತೂಕ ಬೇರೆ. ಅಟೆಂಡರ್ ಇಲ್ಲದ ಶಾಲೆಯಲ್ಲಿ ಅದನ್ನು ಎತ್ತಿ ತರುವವರು ಒಂಬತ್ತನೇ ತರಗತಿಯ ಮಕ್ಕಳು. ದಯವಿಟ್ಟು ಮಕ್ಕಳಿಗೆ ಈ ಕೆಲಸ ಹೇಳಬೇಡಿ, ಸಣ್ಣ ಬಾಟಲಿಯನ್ನೂ ಅವರ ಕೈಗೆ ಕೊಡಬೇಡಿ.

ಅಷ್ಟು ಆಮ್ಲ ನಿಮಗೆ ಬೇಕಾಗುವುದೂ ಇಲ್ಲ. ಒಂದು ಮೋಲಾರ್ ಸಾಂದ್ರತೆಯ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಸಲ್ಫ್ಯೂರಿಕ್ ಆಮ್ಲ ಒಂದು ಲೀಟರ್ ತಯಾರಿಸಲು ಸುಮಾರು 55 ಎಂಎಲ್ ಸಾರೀಕೃತ (ಬಾಟಲಿಯಲ್ಲಿ ಬರುವ ಗಟ್ಟಿ) ಆಮ್ಲ ಸಾಕು. ಅಂದರೆ 500 ಎಂಎಲ್‌ನಿಂದ ಒಂಬತ್ತು ಲೀಟರ್. ಅದನ್ನೂ ಕಲಸಿಕೊಳ್ಳುವ ತೊಂದರೆ ಬೇಡ ಎನ್ನುವ ಶಾಲೆಗಳಿಗೆ ಸಾರರಿಕ್ತ ಆಮ್ಲವನ್ನೇ ಒದಗಿಸುತ್ತೇವೆ. ಪ್ರೌಢಶಾಲೆಗೆ ಅದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಪ್ರತಿ ಬಾಟಲಿಗೂ ಕಂಪನಿಯ ಚೀಟಿಯ ಜೊತೆಗೆ ಒಂದು ಕನ್ನಡ ಚೀಟಿ ಇರುತ್ತದೆ: ಹೆಸರು, ತಂದ ದಿನ, ತೆರೆದ ದಿನ ಬರೆಯಲು ಖಾಲಿ ಜಾಗ, ಮತ್ತು ದಪ್ಪಕ್ಷರದಲ್ಲಿ ‘ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ’. ಆಮ್ಲಕ್ಕೆ ನೀರು ಸುರಿದರೆ ಹಗುರವಾದ ನೀರು ಮೇಲೆಯೇ ನಿಂತು, ಹುಟ್ಟುವ ಶಾಖಕ್ಕೆ ಅಲ್ಲೇ ಕುದಿದು, ಆಮ್ಲವನ್ನೂ ಹೊತ್ತುಕೊಂಡು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕವಿಲ್ಲದೆ ಶಿಕ್ಷಕರೂ ಈ ಕೆಲಸಕ್ಕೆ ಕೈ ಹಾಕಬಾರದು.

ಆಸಿಡ್‌ಗೆ ಆರ್ಡರ್ ಕೊಡುವಾಗ ಮುಖ್ಯೋಪಾಧ್ಯಾಯರ ಸಹಿ ಇರುವ ಪತ್ರ ಬೇಕು. ಶಾಲೆಯಲ್ಲಿ ಅದರ ಜವಾಬ್ದಾರಿ ಯಾರದು ಎಂದು ಅದರಲ್ಲಿ ಹೆಸರಿಸಿ. ಆಸಿಡ್ ದಾಳಿಗೆ ಸಂಬಂಧಿಸಿದ ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಮಾರಾಟಗಾರರಿಗೂ ಶಿಕ್ಷಣ ಸಂಸ್ಥೆಗಳಿಗೂ ಇದನ್ನು ವಿಧಿಸಿದೆ: ನಾವು ಮಾರಿದ್ದರ ರಿಜಿಸ್ಟರ್ ಇಡಬೇಕು, ನೀವು ಬಳಸಿದ್ದರ ರಿಜಿಸ್ಟರ್ ಇಡಬೇಕು, ದಾಸ್ತಾನಿಗೆ ಒಬ್ಬರು ಹೊಣೆಗಾರರಿರಬೇಕು. ರಿಜಿಸ್ಟರಿನ ನಮೂನೆ ಬೇಕಿದ್ದರೆ ಕೇಳಿ, ಉಚಿತವಾಗಿ ಕಳಿಸುತ್ತೇವೆ.

ಪಾದರಸದ ಥರ್ಮಾಮೀಟರನ್ನೂ ಇನ್ನು ಮಾರುವುದಿಲ್ಲ. ಪಾದರಸದ ಬಳಕೆ ತಗ್ಗಿಸಲು ಹಲವು ದೇಶಗಳು ಮಾಡಿಕೊಂಡಿರುವ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿದೆ. ಒಡೆದರೆ ಪಾದರಸದ ಮಣಿಗಳು ನೆಲದ ಬಿರುಕಿನಲ್ಲಿ ಸೇರಿಕೊಂಡು, ಕಣ್ಣಿಗೆ ಕಾಣದ ಆವಿಯಾಗಿ ಅದೇ ಕೋಣೆಯ ಗಾಳಿಯಲ್ಲಿ ಬೆರೆಯುತ್ತಿರುತ್ತವೆ. ಶಾಲೆಯ ಪ್ರಯೋಗಗಳಿಗೆ ಆಲ್ಕೋಹಾಲ್ ಥರ್ಮಾಮೀಟರ್ ಸಾಕು.

ಲೆಡ್ ನೈಟ್ರೇಟ್ ಹತ್ತನೇ ತರಗತಿಯ ಪಾಠದಲ್ಲಿರುವುದರಿಂದ ಕೊಡುತ್ತೇವೆ, ಸಣ್ಣ ಪ್ಯಾಕಿನಲ್ಲಿ. ಅದನ್ನು ಕಾಯಿಸಿದಾಗ ಬರುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್, ಶ್ವಾಸಕೋಶಕ್ಕೆ ಕೆಟ್ಟದ್ದು. ಕಿಟಕಿ ತೆರೆದಿಟ್ಟು ಶಿಕ್ಷಕರೇ ಮಾಡಿ ತೋರಿಸಲಿ.

ಹಳೆಯ ಬಾಟಲಿಗಳನ್ನು ವಾಪಸು ಪಡೆಯುವ ಪರವಾನಗಿ ನಮಗಿಲ್ಲ. ಅವನ್ನು ಚರಂಡಿಗೆ ಸುರಿಯಬೇಡಿ, ಒಂದರೊಳಗೊಂದು ಬೆರೆಸಬೇಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದರೆ ಮುಂದಿನ ದಾರಿ ತಿಳಿಸುತ್ತಾರೆ. ಪತ್ರ ಬರೆಯಲು ನೆರವು ಬೇಕಾದರೆ ನಮಗೆ ಫೋನ್ ಮಾಡಿ.

ಈ ತಿಂಗಳಲ್ಲಿ ಈಗಾಗಲೇ ಹಣ ಕಟ್ಟಿರುವ ಶಾಲೆಗಳಿಗೆ ಸಣ್ಣ ಬಾಟಲಿಯ ವ್ಯತ್ಯಾಸವನ್ನು ನಾವೇ ಭರಿಸುತ್ತೇವೆ. ಹೊಸ ದರಪಟ್ಟಿ ಇದರೊಂದಿಗಿದೆ. ಮೇ ಕೊನೆಯೊಳಗೆ ಆರ್ಡರ್ ತಲುಪಿದರೆ ಶಾಲೆ ಶುರುವಾಗಿ ಎರಡು ವಾರದೊಳಗೆ ಸಾಮಾನು ಮುಟ್ಟಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಾಲೀಕರು ಮತ್ತು ಸಿಬ್ಬಂದಿ